ಒಂದೇ ದಿನ ಸಾವಿರ ಬಸ್ಕಿ

ನಾಗರ ಪಂಚಮಿಗೆ ಇನ್ನೂ ಎಂಟು ದಿನ ಇದೆ ಎನ್ನುವಾಗಲೇ ಮೊರಬ ಊರಿನ ಓಣಿಗಳಲ್ಲಿ ಹುಡುಗರ ಪಂಥ ಶುರುವಾಗುತ್ತದೆ. ಒಬ್ಬ ಇಷ್ಟೇ ಎಸೆತದಲ್ಲಿ ನಿಂಬೆಹಣ್ಣನ್ನು ಊರಾಚೆ ಒಗೆಯುತ್ತೇನೆ ಎನ್ನುತ್ತಾನೆ, ಇನ್ನೊಬ್ಬ ಕಣ್ಣು ಕಟ್ಟಿಕೊಂಡು ಊರು ಸುತ್ತುತ್ತೇನೆ ಎನ್ನುತ್ತಾನೆ. ರೇವವ್ವನ ಮಗ ಹೇಮಂತ ಕ್ವಿಂಟಲ್ ಜೋಳದ ಚೀಲ ಹೊತ್ತು ಊರಬಾಗಿಲ ಅಗಸಿಯಿಂದ ಹನುಮಪ್ಪನ ಗುಡಿಯವರೆಗೆ ನಡೆಯುತ್ತೇನೆಂದು ಮಾತು ಕೊಟ್ಟು ಬಂದ. ವರ್ಷವಿಡೀ ಮೊಬೈಲು ಬಿಟ್ಟರೆ ಬೇರೆ ಭಾರ ಎತ್ತದ ಹುಡುಗ!

ಅಜ್ಜ ಮಡಿವಾಳೆಪ್ಪ ಒಂದು ಕಾಲದ ಪೈಲವಾನ. ಮೊಮ್ಮಗನ ಮಾತು ಕೇಳಿ ಮೀಸೆ ತಿರುವಿದ.

"ಸಾವಿರ ಬಸ್ಕಿ ಹೊಡಿ ಮಗನ. ಚೀಲ ಹೂವಿನಂಗ ಏಳತೈತಿ."

ರೇವವ್ವನಿಗೂ ಹೆಮ್ಮೆ. ಹಿತ್ತಲಲ್ಲಿ ಶೇಂಗಾ ಸುಲಿಯುತ್ತ ಕುಳಿತು, ಮಗ ಕೂತು ಏಳುವುದನ್ನು ತಾನೇ ಎಣಿಸಿದಳು. ನಾಲ್ಕುನೂರಕ್ಕೆ ಅವನ ಕಾಲು ನಡುಗಿದವು. ಆರುನೂರಕ್ಕೆ "ಯವ್ವಾ, ಸಾಕ ಬೇ" ಅಂದ.

"ಇಷ್ಟಕ್ಕ ಸೋತ್ರ ಓಣ್ಯಾಗ ನಾ ಹ್ಯಾಂಗ ಅಡ್ಡಾಡ್ಲಿ?" ಎಂದಳು ರೇವವ್ವ. ಸಾವಿರ ಮುಗಿಯಿತು.

ಮರುದಿನ ಹೇಮಂತನಿಗೆ ಏಳಲಾಗಲಿಲ್ಲ. ತೊಡೆಗಳು ಊದಿ ಕಲ್ಲಾಗಿದ್ದವು. "ಬಸ್ಕಿ ನೋವು ಬಸ್ಕಿಂದನ ಹೋಗತೈತಿ" ಎಂದ ಅಜ್ಜ. ಅಂಗಡಿಯಿಂದ ನೋವಿನ ಗುಳಿಗೆ ತಂದು ನುಂಗಿಸಿದರು. ಹುಡುಗ ಗೋಡೆ ಹಿಡಿದು, ಹಲ್ಲು ಕಚ್ಚಿ ಮತ್ತೆ ನೂರು ಹೊಡೆದ.

ಮೂರನೆಯ ದಿನ ಬೆಳಿಗ್ಗೆ ಬಚ್ಚಲಿನಿಂದ ಅವನ ಕೂಗು ಬಂತು. ರೇವವ್ವ ಓಡಿ ಹೋಗಿ ನೋಡಿದಳು. ಮಗನ ಮೂತ್ರ ಹಾಲಿಲ್ಲದ ಚಹಾದಂತೆ ಕಪ್ಪಗೆ ಹರಿದಿತ್ತು.

"ಉಷ್ಣ ಆಗೇತಿ. ಕೊತ್ತಂಬರಿ ಬೀಜದ ನೀರ ಕುಡಸು" ಎಂದ ಮಾವ ಮಡಿವಾಳೆಪ್ಪ. ಕುಡಿಸಿದಳು. ವಾಂತಿ ಮಾಡಿಕೊಂಡ. ಆಸ್ಪತ್ರೆಗೆ ಒಯ್ಯಬೇಕೆಂದು ಅವಳ ಜೀವ ಹೇಳುತ್ತಿತ್ತು. ಆದರೆ ಓಣಿಯವರು ಏನೆಂದಾರು? ಬಸ್ಕಿ ಹೊಡೆದು ಆಸ್ಪತ್ರೆ ಸೇರಿದ ಪೈಲವಾನನ ಮೊಮ್ಮಗ ಎಂದು ಹಬ್ಬದ ತನಕ ಆಡಿಕೊಂಡು ನಕ್ಕಾರು. ಆ ನಗೆಗೆ ಹೆದರಿ ಅರ್ಧ ದಿನ ಸುಮ್ಮನಿದ್ದಳು. ಅದೇ ಅವಳು ಮಾಡಿದ ದೊಡ್ಡ ತಪ್ಪು.

ಮಧ್ಯಾಹ್ನ ಆರೋಗ್ಯ ಕೇಂದ್ರದ ವೃಂದಾ ಸಿಸ್ಟರ್ ಮಡಿವಾಳೆಪ್ಪನ ಬಿಪಿ ನೋಡಲು ಬಂದರು. ರೇವವ್ವನ ಮುಖ ಕಂಡವರೇ ಚೀಲ ಕೆಳಗಿಟ್ಟರು.

"ಏನಾಗ್ಯದ ರೇವಕ್ಕಾ?"

ಅವಳು ಅಳುತ್ತ ಎಲ್ಲ ಹೇಳಿದಳು. ಸಿಸ್ಟರ್ ಕೇಳುತ್ತಲೇ ಫೋನು ತೆಗೆದು 108ಕ್ಕೆ ಹಚ್ಚಿದರು.

"ಉಷ್ಣಕ್ಕ ಯಾಕ ಗಾಡಿ?" ಎಂದ ಮಡಿವಾಳೆಪ್ಪ.

"ಇದು ಉಷ್ಣ ಅಲ್ರಿ ಅಜ್ಜಾರ. ರೂಢಿ ಇಲ್ಲದ ಮೈಗೆ ಒಮ್ಮೆಲೇ ಇಷ್ಟು ಶ್ರಮ ಕೊಟ್ರ ಮಾಂಸಖಂಡ ಒಡೀತಾವ. ಆ ಕಸ ರಕ್ತದಾಗ ಕೂಡಿ ಕಿಡ್ನಿಗೆ ಹೋಗಿ ಕಟ್ಟತದ. ಮ್ಯಾಲೆ ನೋವಿನ ಗುಳಿಗಿ ಬ್ಯಾರೆ ಕೊಟ್ಟೀರಿ. ಅದೂ ಕಿಡ್ನಿಗೇ ಹೊಡ್ತ. ಜೀವಾನೇ ಹೋಗಬಹುದು."

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೇಮಂತನಿಗೆ ಎಂಟು ದಿನ ಸಲಾಯಿನ್ ಏರಿತು. ಇನ್ನೊಂದು ದಿನ ತಡವಾಗಿದ್ದರೆ ಡಯಾಲಿಸಿಸ್ ಬೇಕಾಗುತ್ತಿತ್ತೇನೋ ಎಂದರು ಡಾಕ್ಟರು. ಮಂಚದ ಕೆಳಗೆ ಕಟ್ಟಿದ ಮೂತ್ರದ ಚೀಲ ಬಿಟ್ಟು ರೇವವ್ವ ಬೇರೇನನ್ನೂ ನೋಡಲಿಲ್ಲ. ಬಣ್ಣ ತಿಳಿಯಾಯಿತೇ? ಇಲ್ಲ. ಈಗ? ಇಲ್ಲ. ಎಣಿಸಿದವಳು ನಾನೇ, ಸಾಕು ಅಂದವನನ್ನು ಎಬ್ಬಿಸಿದವಳು ನಾನೇ ಎಂದು ಒಳಗೊಳಗೇ ಸುಟ್ಟುಕೊಂಡಳು. ಪಂಚಮಿ ಬಂದು ಹೋದದ್ದೇ ಅವಳಿಗೆ ಗೊತ್ತಾಗಲಿಲ್ಲ.

ಮಗ ಉಳಿದು ಮನೆಗೆ ಬಂದ. ಆದರೆ ಭಯ ಅವಳ ಜೊತೆಗೇ ಬಂತು. "ತುಂಬಿದ ಕೊಡಾ ಸೈತ ಮುಟ್ಟಬ್ಯಾಡ" ಎಂದು ಮಗನನ್ನು ಹಾಸಿಗೆಗೆ ಕಟ್ಟಿಹಾಕಿದಳು. ತಿಂಗಳು ಕಳೆಯಿತು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇನ್ನು ನಿಧಾನವಾಗಿ ವ್ಯಾಯಾಮ ಮಾಡಬಹುದು ಎಂದರೂ ಅವಳು ಒಪ್ಪಲಿಲ್ಲ. ಆಗ ವೃಂದಾ ಸಿಸ್ಟರ್ ಮತ್ತೆ ಬಂದರು.

"ರೇವಕ್ಕಾ, ಕೂತು ಕೂತು ಮೈ ಕರಗತದ. ತಪ್ಪು ಬಸ್ಕೀದಲ್ಲ, ಲೆಕ್ಕಿಲ್ಲದ ಬಸ್ಕೀದು. ವಾರಕ್ಕ ಮೂರ ದಿನ ಮಾಡ್ಲಿ. ಸೋಮವಾರ, ಬುಧವಾರ, ಶುಕ್ರವಾರ. ನಡುವಿನ ದಿನ ಬಿಡುವು. ಮೈ ಬೆಳಿಯೋದು ಆ ಬಿಡುವಿನಾಗ."

"ಏನೇನ ಮಾಡ್ಲಿರಿ?" ಎಂದ ಹೇಮಂತ.

"ಬರೇ ಕಾಲಿಗಲ್ಲ, ಇಡೀ ಮೈಗೆ ಕೆಲಸ ಕೊಡು. ಎಂಟ ಹತ್ತು ಬಸ್ಕಿ, ನೆಲಕ್ಕ ಕೈ ಊರಿ ಅಷ್ಟ ದಂಡ. ಸಣ್ಣ ಚೀಲದಾಗ ಉಸುಕು ತುಂಬಿ ಹಗ್ಗ ಕಟ್ಟಿ ನಿನ್ನ ಕಡೆ ಎಳಕೋ. ಅದನ್ನ ಬೆನ್ನು ನೆಟ್ಟಗಿಟ್ಟು ನೆಲದಿಂದ ಎತ್ತು. ಕಡೀಕೆ ಎರಡೂ ಕೈಯಾಗ ನೀರಿನ ಬಕೆಟ್ ಹಿಡದು ಅಡ್ಡಾಡು. ನಡುವ ದಮ್ಮ ತಗೊಂಡು ಎರಡ ಸುತ್ತು ಸಾಕು. ಪ್ರತಿಯೊಂದ್ರಾಗೂ ಇನ್ನೂ ಎರಡ ಸಲ ಆಗತದ ಅನ್ನೋ ಹೊತ್ತಿಗೆ ನಿಲ್ಲಸು. ಮಾಡಿದ್ದನ್ನ ಬರದಿಡು. ಎರಡ ವಾರ ಹಗುರ ಅನಿಸಿದ್ರ ಚೀಲಕ್ಕ ಒಂದ ಬೊಗಸಿ ಉಸುಕು ಹಾಕು."

ಮಡಿವಾಳೆಪ್ಪನಿಗೆ ತಡೆಯಲಾಗಲಿಲ್ಲ. "ಹತ್ತ ಬಸ್ಕಿ ನಮ್ಮ ಮನಿ ಎಮ್ಮೀನೂ ಹೊಡಿತೈತಿ!"

"ಎಮ್ಮಿ ಆಸ್ಪತ್ರಿ ಕಂಡಿಲ್ಲಲ್ರಿ ಅಜ್ಜಾರ. ನಿಮಗ ಗರಡಿಮನ್ಯಾಗ ಮೊದಲನೇ ದಿನ ಎಷ್ಟ ಹೊಡಿಸಿದ್ರು?"

ಮುದುಕ ಮೀಸೆಯಿಂದ ಕೈ ತೆಗೆದ. "ಇಪ್ಪತ್ತ" ಎಂದ ಮೆಲ್ಲಗೆ. "ಇಪ್ಪತ್ತ ಹೊಡಿಸಿ, ಮನಿಗೆ ಹೋಗು ಅಂದಿದ್ದ ಉಸ್ತಾದ. ಸಾವಿರಕ್ಕ ಬರೂದ್ರಾಗ ನಾಕ ವರ್ಷ ಆಗಿದ್ವು." ಆಮೇಲೆ ಮೊಮ್ಮಗನ ತಲೆ ಸವರಿದ. "ನಂದ ತಪ್ಪಾತು ತಮ್ಮಾ."

"ಮೈ ಬೆಳಸೂ ಪೌಡರ್ ಡಬ್ಬಿ ಏನರ ತರೂಣೇನ್ರಿ?" ಎಂದು ರೇವವ್ವ ಕೇಳಿದಳು.

"ಯಾಕ್ರಿ? ರೊಟ್ಟಿ ಜೋಡಿ ಹೆಸರುಕಾಳ ಪಲ್ಯ, ಮೊಸರು, ಶೇಂಗಾ ಕೊಡ್ರಿ. ಎಂಟ ತಾಸು ನಿದ್ದಿ ಮಾಡ್ಲಿ."

ಮೂರು ತಿಂಗಳಲ್ಲಿ ಹೇಮಂತನ ಅಂಗಿ ಹೆಗಲಲ್ಲಿ ಬಿಗಿಯಾಯಿತು. ಆದರೂ ಅವನು ಚೀಲ ಎತ್ತಿದಾಗಲೆಲ್ಲ ರೇವವ್ವನ ಕೈ ಎದೆಗೆ ಹೋಗುತ್ತಿತ್ತು.

ಒಂದು ಬೆಳಿಗ್ಗೆ ಓಣಿಯ ಮಹಿಳಾ ಸಂಘದ ಸಭೆಯಲ್ಲಿ ನೆರೆಮನೆಯ ಜುಲೇಖಾಬಿ ಹೆಮ್ಮೆಯಿಂದ ಹೇಳಿದಳು: "ನಮ್ಮ ದಾನೀಶ್ ಪೊಲೀಸ್ ಭರ್ತಿಗೆ ತಯಾರಿ ನಡಸ್ಯಾನ. ಇವತ್ತಿಂದನ ಶುರು. ಎಂಟನೂರ ಬಸ್ಕಿ ಹೊಡ್ದ ಏಳತೀನಿ ಅಂದಾನ."

ತನ್ನ ಮನೆಯ ಕಥೆಯನ್ನು ರೇವವ್ವ ಇದುವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ. ಹೇಮಂತನಿಗೆ ಜ್ವರ ಬಂದಿತ್ತು ಎಂದಷ್ಟೇ ಹೇಳಿದ್ದಳು. ಈಗ ಇಡೀ ಸಭೆಯ ಮುಂದೆ ಎದ್ದು ನಿಂತಳು.

"ಜ್ವರ ಅಂತ ನಾ ಸುಳ್ಳ ಹೇಳಿದ್ನಿ. ಸಾವಿರ ಬಸ್ಕಿ ಹೊಡ್ದ ಅವನ ಕಿಡ್ನಿ ಹೋಗೂದಿತ್ತು. ನನ್ನ ಮಗನ ಸಾವು ನಾನ ಎಣಿಸಿದ್ನಿ ಜುಲೇಖಾ, ಒಂದ, ಎರಡ ಅಂತ. ಓಡು, ಮದ್ಲ ನಿನ್ನ ಮಗನ್ನ ನಿಲ್ಲಸು!"

ಜುಲೇಖಾಬಿ ಚಪ್ಪಲಿಯನ್ನೂ ಮೆಟ್ಟದೆ ಓಡಿದಳು.

ಓದುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಮೈ ಬೆಳೆಸುವ ಹುಡುಗ ಹುಡುಗಿಯರಿದ್ದಾರೆ. ಬೆಳೆಸಲಿ, ಬೇಡವೆನ್ನಬೇಡಿ. ವಾರಕ್ಕೆ ಮೂರು ದಿನ, ಇಡೀ ಮೈಗೆ, ಸ್ವಲ್ಪದಿಂದ ಶುರು. ವಿಪರೀತ ನೋವು, ಬಾವು, ಕಪ್ಪು ಮೂತ್ರ ಕಂಡರೆ ಮನೆಮದ್ದು ಮಾಡುತ್ತ ಕೂರದೆ ಅದೇ ಗಳಿಗೆ ಆಸ್ಪತ್ರೆಗೆ ನಡೆಯಿರಿ. ಮಗು "ಸಾಕು" ಎಂದರೆ ಎಣಿಸುವುದನ್ನು ನಿಲ್ಲಿಸಿ.