ಹಾಲು, ವಿಷ, ಸೊಸೆ

"ಆ ಲೋಟ ತೊಳೀಬೇಡ."

ಸೊಸೆಯ ಕೈ ನಲ್ಲಿಯ ಕೆಳಗೇ ನಿಂತಿತು. ಮಾವನ ಹಾಸಿಗೆ ಪಕ್ಕದಿಂದ ತಂದ ಹಾಲಿನ ಲೋಟ ಅದು. ತಳದಲ್ಲಿ ಕೆನೆ ಒಣಗಿ ಉಂಗುರವಾಗಿತ್ತು. ದಿನಾ ಬೆಳಿಗ್ಗೆ ಎದ್ದವಳು ಮೊದಲು ತೊಳೆಯುತ್ತಿದ್ದದ್ದು ಅದನ್ನೇ. ಇವತ್ತು ಮಾವ ನಡುಮನೆಯಲ್ಲಿ ಬಿಳಿ ಹೊದಿಕೆಯ ಅಡಿ ಮಲಗಿದ್ದಾರೆ ಎನ್ನುವುದು ತಲೆಗೆ ಗೊತ್ತಿತ್ತು, ಕೈಗೆ ಇನ್ನೂ ಗೊತ್ತಾಗಿರಲಿಲ್ಲ.

ಅಡುಗೆಮನೆ ಬಾಗಿಲಲ್ಲಿ ನಾದಿನಿ ನಿಂತಿದ್ದಳು. ಗಂಡನ ಅಕ್ಕ, ಸುದ್ದಿ ಮುಟ್ಟಿದ್ದೇ ಸಿಕ್ಕಿದ ಬಸ್ಸು ಹತ್ತಿ ಎರಡು ಗಂಟೆ ದಾರಿ ಬಂದವಳು. ಅತ್ತೂ ಅತ್ತೂ ಮುಖ ಊದಿಕೊಂಡಿತ್ತು. ಈಗ ಅಳು ನಿಂತು, ಆ ಜಾಗದಲ್ಲಿ ಬೇರೇನೋ ಬಂದು ಕೂತಿತ್ತು.

"ಯಾಕಕ್ಕ?"

"ಮೊದಲು ಅದನ್ನ ಕೆಳಗಿಡು. ಆಮೇಲೆ ಇದನ್ನ ಓದು. ಅಪ್ಪನ ದಿಂಬಿನ ಅಡಿ ಸಿಕ್ತು."

ಹಳೆಯ ಲಕೋಟೆಯ ಬೆನ್ನ ಮೇಲೆ ಪೆನ್ಸಿಲಿನ ಬರಹ. ಇರುವೆ ಸಾಲಿನಂಥ ಅಕ್ಷರ, ಮಾವನದೇ. ಸೊಸೆ ಮೆಲ್ಲಗೆ ಓದಿದಳು: "ಹಾಲು. ಅದರಲ್ಲೇ ವಿಷ. ಸೊಸೆ ಇರಬಹುದೇ? ಬೀಗದಕೈ ಅವಳ ಬಳಿಯೇ ಇದೆ. ಇನ್ನೂ ಖಚಿತವಿಲ್ಲ. ನಾಳೆ ಇನ್‌ಸ್ಪೆಕ್ಟರಿಗೆ ಹೇಳಬೇಕು."

ಅವಳಿಗೆ ನಗು ಬಂತು. ಸಾವಿನ ಮನೆಯಲ್ಲಿ ಬರಬಾರದ ನಗು. ತುಟಿ ಕಚ್ಚಿ ಹಿಡಿಯುವಷ್ಟರಲ್ಲಿ ಅರ್ಧ ಹೊರಗೆ ಬಿದ್ದಾಗಿತ್ತು.

"ನಗ್ತೀಯಾ?"

"ಇಲ್ಲಕ್ಕ. ಇದು ಪದಬಂಧ. ಭಾನುವಾರದ ಪೇಪರಲ್ಲಿ ಬರುತ್ತಲ್ಲ, ಅದು. ಈ ಸಲ ಪತ್ತೇದಾರಿ ಕತೆ ಥರ ಕೊಟ್ಟಿದ್ರು. ನಿನ್ನೆ ಇಡೀ ದಿನ ಮಾವ ಅದನ್ನೇ ಹಿಡ್ಕೊಂಡು ಕೂತಿದ್ರು."

"ಈ ಇನ್‌ಸ್ಪೆಕ್ಟರ್ ಯಾರು?"

"ನಮ್ಮ ಮಗಳು. ಮಾವ ಅವಳನ್ನ ಹಾಗೇ ಕರೀತಿದ್ದಿದ್ದು."

ಹೇಳಿದ ಮೇಲೆ ಅವಳಿಗೇ ಅನ್ನಿಸಿತು, ನಿಜ ಕೆಲವು ಸಲ ಎಂಥ ಸುಳ್ಳಿನ ಅಂಗಿ ತೊಟ್ಟು ಬರುತ್ತದೆ ಎಂದು.

"ಎಂಟು ವರ್ಷದ ಮಗೂಗೆ ನಮ್ಮಪ್ಪ ವರದಿ ಒಪ್ಪಿಸ್ತಿದ್ರು," ಎಂದಳು ನಾದಿನಿ. "ಸರಿ. ಆ ಪದಬಂಧ ತೋರ್ಸು."

ಪೇಪರು ಹಳೆಯ ಪೇಪರುಗಳ ಕಟ್ಟಿನ ಮೇಲೇ ಇತ್ತು. ಬಿಡಿಸಿದರೆ, ಪದಬಂಧ ಇರಬೇಕಾದ ಕಡೆ ಕಿಟಕಿಯಂಥ ತೂತು. ಯಾರೋ ಕತ್ತರಿಯಲ್ಲಿ ನೀಟಾಗಿ ಕತ್ತರಿಸಿಕೊಂಡಿದ್ದರು. ಮೇಜಿನ ಮೇಲೆ, ಹಾಸಿಗೆಯ ಅಡಿ, ಮಾವನ ಅಂಗಿಯ ಜೇಬಿನಲ್ಲಿ, ಎಲ್ಲೂ ಆ ತುಂಡಿಲ್ಲ. ಹುಡುಕುತ್ತ ಹುಡುಕುತ್ತ ಸೊಸೆಗೂ ಒಂದು ಗಳಿಗೆ ಅನುಮಾನ ಬಂತು: ತಾನು ನಿನ್ನೆ ಕಂಡದ್ದು ನಿಜವೇ? ಹಾಲಿಗೆ ಸಕ್ಕರೆ ಹಾಕಿದ್ದು ಸಕ್ಕರೆ ಡಬ್ಬಿಯಿಂದಲೇ ತಾನೆ?

ಗಂಡ ಇಬ್ಬರ ನಡುವೆ ಬಂದು ನಿಂತ. "ಅಕ್ಕ, ಡಾಕ್ಟರು ಆರು ಗಂಟೆಗೇ ಬಂದು ನೋಡಿದ್ರು. ನಿದ್ದೆಯಲ್ಲೇ ಹೃದಯ ನಿಂತಿದೆ ಅಂದ್ರು."

"ಡಾಕ್ಟರಿಗೆ ಈ ಚೀಟಿ ತೋರ್ಸಿದ್ರಾ? ಇಲ್ಲ ತಾನೆ? ನನಗೆ ಗೊತ್ತಾಗೋ ತನಕ ಅಪ್ಪನ್ನ ಇಲ್ಲಿಂದ ಎತ್ತೋ ಹಾಗಿಲ್ಲ."

ಸ್ಮಶಾನದ ಗಾಡಿ ಬರುವುದು ಹನ್ನೊಂದಕ್ಕೆ. ಗಡಿಯಾರದಲ್ಲಿ ಒಂಬತ್ತೂವರೆ.

ತುಂಡು ಎಲ್ಲಿದೆ ಎಂದು ಹೇಳಬಲ್ಲವಳು ಮನೆಯಲ್ಲಿ ಒಬ್ಬಳೇ. ಅವಳು ಬೆಳಿಗ್ಗೆಯಿಂದ ಮುಂದಿನ ಕೋಣೆಯಲ್ಲಿ, ತಾತ ಬೀಗ ರಿಪೇರಿ ಮಾಡುತ್ತಿದ್ದ ಮೇಜಿನ ಅಡಿ, ಮೊಣಕಾಲು ತಬ್ಬಿ ಕೂತಿದ್ದಳು. ಒಂದು ಹನಿ ಕಣ್ಣೀರಿಲ್ಲ, ಒಂದು ಮಾತಿಲ್ಲ. ತಾಯಿ ಬಗ್ಗಿ, "ಪುಟ್ಟಾ, ನಿನ್ನೆ ಪದಬಂಧ ನೋಡಿದ್ಯಾ?" ಎಂದು ಕೇಳಿದಾಗ ಮಗು ಇನ್ನೂ ಸ್ವಲ್ಪ ಹಿಂದಕ್ಕೆ ಸರಿಯಿತು. ತಾಯಿ ಮತ್ತೆ ಕೇಳಲಿಲ್ಲ. ಕೆದಕಿದಷ್ಟೂ ಮುದುಡುವ ಮಗು ಅದು. ಎರಡು ಬಿಸ್ಕತ್ತು ಪಕ್ಕದಲ್ಲಿಟ್ಟು ಎದ್ದಳು.

*

ನಿನ್ನೆ ಅದೇ ಮೇಜಿನ ಮುಂದೆ ಇಬ್ಬರೂ ಕೂತಿದ್ದರು. ತಾತ ಸ್ಟೂಲಿನ ಮೇಲೆ, ಮೊಮ್ಮಗಳು ಬೋರಲು ಹಾಕಿದ ಡಬ್ಬಿಯ ಮೇಲೆ. ಗೋಡೆ ತುಂಬ ಮೊಳೆಗೆ ನೇತುಹಾಕಿದ ಬೀಗದಕೈಗಳು. ಆ ಕೋಣೆಯೇ ತಾತನ ಅಂಗಡಿ, ಭಾನುವಾರ ಅದಕ್ಕೆ ರಜ. ಅರ್ಧ ಬಾಗಿಲು ಮಾತ್ರ ತೆರೆದಿರುತ್ತಿತ್ತು.

"'ಹಾಕೊ ಲೆಕ್ಕ, ನಡುವೆ ನಡೆದದ್ದೇನು?' ಎರಡಕ್ಷರ," ಎಂದು ತಾತ ಓದಿದರು.

"ಕೂಡೋ ಲೆಕ್ಕಾನಾ, ಕಳೆಯೋದಾ?"

"ಲೆಕ್ಕ ಮಾಡೋಕೆ ಹೋಗ್ಬೇಡಿ ಇನ್‌ಸ್ಪೆಕ್ಟರೇ. ಇದೂ ಬೀಗ ಇದ್ದ ಹಾಗೆ. ಗುದ್ದಿದ್ರೆ ಮುನಿಸ್ಕೊಳ್ಳುತ್ತೆ. ಒಳಗೆ ಏನು ಅಲ್ಲಾಡ್ತಿದೆ ಅಂತ ಕೇಳಿಸ್ಕೋಬೇಕು."

ಮಗು ಬೆರಳಿಟ್ಟು ಒಂದೊಂದೇ ಅಕ್ಷರ ಓದಿತು. "ಹಾ. ಕೊ. ಲೆ. ಕ್ಕ." ಬೆರಳು ಹಿಂದೆ ಬಂತು. "ಕೊ, ಲೆ. ತಾತ, ಕೊಲೆ."

ಬಟ್ಟೆ ಮಡಚುತ್ತಿದ್ದ ಸೊಸೆ ಒಳಗಿನಿಂದಲೇ ಕೇಳಿದಳು, "ಏನು ಮಾವ, ಮಗು ಬಾಯಲ್ಲಿ ಎಂಥ ಮಾತು ಹೇಳಿಸ್ತಿದ್ದೀರಿ?"

"ಪೇಪರಿನವರು ಮಾಡಿದ ಕೊಲೆ ಅಮ್ಮ. ನಮ್ಮ ಕೈವಾಡ ಇಲ್ಲ. ಆದ್ರೆ ನನಗೆ ಸೊಸೆ ಮೇಲೆ ಅನುಮಾನ."

"ನನ್ನ ಮೇಲಾ?"

"ಪದಬಂಧದ ಸೊಸೆ ಮೇಲೆ. ನಿನ್ನ ಮೇಲೂ ಸ್ವಲ್ಪ ಇದೆ. ಹಾಲಿಗೆ ಸಕ್ಕರೆ ಕಡಿಮೆ ಮಾಡ್ತಿದ್ದೀಯ."

ಸಂಜೆ ಹೊತ್ತಿಗೆ ಕೊನೆಯ ಒಂದು ಪದ ಉಳಿಯಿತು. ಕೊಂದವನು ಯಾರು, ಮೂರಕ್ಷರ. 'ಕಮಾಲೀ ಕಳ್ಳನ ಹೊಟ್ಟೆಯೊಳಗೇ ಅಡಗಿದ್ದಾನೆ ಮನೆಯ ಒಡೆಯ.' ತಾತ ಲಕೋಟೆಯ ಮೇಲೆ ಏನೇನೋ ಗೀಚಿದರು, ಕನ್ನಡಕ ಒರೆಸಿದರು, ಕಣ್ಣು ಎಳೆಯುತ್ತಿದೆ ಎಂದು ಯಾವತ್ತಿಗಿಂತ ಬೇಗ ಎದ್ದು ಹೋದರು. ಮಗು ಮಾತ್ರ ಡಬ್ಬಿಯ ಮೇಲೆ ಇನ್ನೂ ಸ್ವಲ್ಪ ಹೊತ್ತು ಕೂತೇ ಇತ್ತು.

*

ಹತ್ತು ಗಂಟೆಗೆ ನಡುಮನೆ ತುಂಬಿತು. ಪಕ್ಕದ ಬೇಕರಿಯವಳು ಹೊದಿಕೆಯ ಅಂಚು ಸರಿಮಾಡುತ್ತ ಯಾರಿಗೆಂದಿಲ್ಲದೆ ಹೇಳುತ್ತಿದ್ದಳು, "ಒಂದಿನ ಒಳಗೆ ಕೂಸು, ಹೊರಗೆ ನಾನು, ಬಾಗಿಲು ಹಾಕ್ಕೊಂಡ್ಬಿಟ್ಟಿತ್ತು. ಇವರು ಊಟದಿಂದ ಎದ್ದು ಎಂಜಲು ಕೈಯಲ್ಲೇ ಓಡಿ ಬಂದ್ರು. ಬೀಗ ತೆಗೆದವರೇ ಬೆನ್ನು ತಿರುಗಿಸಿ ನಿಂತ್ರು. ಇನ್ನೊಬ್ಬರ ಮನೆ ಒಳಗೆ ನೋಡೋದು ನನ್ನ ಕೆಲಸ ಅಲ್ಲಮ್ಮ ಅಂದ್ರು."

ಎಲ್ಲರ ಬಳಿಯೂ ಅಂಥದ್ದೇ ಒಂದೊಂದು ಬಾಗಿಲ ಕತೆ ಇತ್ತು. ನಾದಿನಿ ಯಾವುದಕ್ಕೂ ಕಿವಿಗೊಡಲಿಲ್ಲ. ಕೈಯಲ್ಲಿ ಲಕೋಟೆ ಹಿಡಿದು ಅಪ್ಪನ ತಲೆಯ ಬಳಿ ಕೂತಿದ್ದಳು. ಆ ಲೋಟವನ್ನು ಒಂದು ತಟ್ಟೆ ಮುಚ್ಚಿ ಬೀರುವಿನ ಮೇಲಿಟ್ಟಿದ್ದಳು.

ಮಾವನ ಹಳೆಯ ಗೆಳೆಯ, ಪುಸ್ತಕಗಳಿಗೆ ರಟ್ಟು ಕಟ್ಟುವ ಬೈಂಡರು, ಬಂದು ಕೈಮುಗಿದರು. ಸೊಸೆಗೆ ಹೋದ ಜೀವ ಬಂದಂತಾಯಿತು. "ಅಕ್ಕ, ಇವರೂ ಪದಬಂಧ ಬಿಡಿಸ್ತಾರೆ. ಇವರನ್ನೇ ಕೇಳಿ."

ಬೈಂಡರು ಲಕೋಟೆಯನ್ನು ದೂರ ಹಿಡಿದು ಓದಿದರು. ಓದುತ್ತ ಕಣ್ಣು ತುಂಬಿ ಬಂತು, ತುಟಿ ಮಾತ್ರ ನಕ್ಕಿತು. "ಹಾಲು, ಎಡದಿಂದ ಬಲಕ್ಕೆ ಐದನೇದು. ವಿಷ, ಮೇಲಿಂದ ಕೆಳಕ್ಕೆ ಎರಡನೇದು. ನಾನೂ ಇದೇ ಕೊಲೆಯಲ್ಲಿ ಸಿಕ್ಕಿ ನಿನ್ನೆ ತಲೆ ಕೆರ್ಕೊಂಡಿದ್ದೀನಿ ತಾಯಿ."

"ಹಾಗಾದ್ರೆ ನಿಮ್ಮ ಪೇಪರ್ ತರಿಸಿ."

"ಅದು ಆಗಲೇ ಯಾವುದೋ ಪುಸ್ತಕದ ರಟ್ಟಿನೊಳಗೆ ಅಂಟಿ ಹೋಯ್ತು. ಈ ಬೀದೀಲಿ ಆ ಪೇಪರ್ ತರಿಸೋದು ನಾವಿಬ್ಬರೇ."

"ನೋಡಿ. ಎಲ್ಲರೂ ಹೇಳ್ತೀರಿ, ಒಬ್ಬರೂ ತೋರ್ಸಲ್ಲ." ನಾದಿನಿ ಲಕೋಟೆಯನ್ನು ಕಸಿದುಕೊಂಡಳು. "ಶನಿವಾರ ಫೋನಲ್ಲಿ ಗಟ್ಟಿಯಾಗಿ ಮಾತಾಡಿದ್ರು ಅಪ್ಪ. ಕೆಮ್ಮಿಲ್ಲ, ಜ್ವರ ಇಲ್ಲ. ಸುಮ್ಮನೆ ಮಲಗಿದ ಮನುಷ್ಯ ಸುಮ್ಮನೆ ಹೋಗ್ಬಿಡ್ತಾನಾ? ಯಾರಾದ್ರೂ ಏನಾದ್ರೂ ಮಾಡಿರ್ಬೇಕು ತಾನೆ?"

ಸೊಸೆಗೆ ಆಗ ಮೊದಲ ಬಾರಿ ಸಿಟ್ಟು ಇಳಿಯಿತು. ಅಕ್ಕನಿಗೆ ಕೊಲೆಗಾರ ಬೇಕಾಗಿರಲಿಲ್ಲ, ಒಂದು ಕಾರಣ ಬೇಕಾಗಿತ್ತು. ಕಾರಣ ಕೊಡಲು ತನ್ನ ಬಳಿಯೂ ಏನಿದೆ?

ಹೊರಗೆ ಗಾಡಿ ಬಂದು ನಿಂತಿತು.

ಸೊಸೆ ಮುಂದಿನ ಕೋಣೆಗೆ ಹೋಗಿ ಮೇಜಿನ ಅಡಿ ನುಸುಳಿದಳು. ಬಿಸ್ಕತ್ತು ಇಟ್ಟಲ್ಲೇ ಇತ್ತು. ಮಗಳ ಪಕ್ಕ, ಅವಳಂತೆಯೇ ಮೊಣಕಾಲು ತಬ್ಬಿ ಕೂತಳು. ಏನೂ ಕೇಳಲಿಲ್ಲ. ಹಿಂದೆಯೇ ಬಂದ ನಾದಿನಿ ಬಾಗಿಲಲ್ಲಿ ನಿಂತಳು. ಮೇಜಿನ ಅಡಿಯಿಂದ ಅವಳ ಪಾದ ಮಾತ್ರ ಕಾಣುತ್ತಿತ್ತು.

ತುಂಬ ಹೊತ್ತಿನ ಮೇಲೆ ಮಗು ಲಂಗದ ಮಡಿಕೆಯಿಂದ ಕಾಗದದ ತುಂಡೊಂದನ್ನು ತೆಗೆಯಿತು. ತಾಯಿ ಅದನ್ನು ನೆಲದ ಮೇಲೆ ಹರಡಿದಳು. ಹಾಲು, ವಿಷ, ಸೊಸೆ, ಕೊಲೆ, ಎಲ್ಲ ಮಗಳ ದುಂಡು ಅಕ್ಷರದಲ್ಲಿ. ನಾದಿನಿ ಬಾಗಿ ನೋಡಿದಳು, ನೋಡುತ್ತಲೇ ಗೋಡೆಗೊರಗಿ ಮೆಲ್ಲಗೆ ಕುಸಿದು ಕೂತಳು.

ಕೆಳಗಿನ ಸಾಲಿನ ಮೂರು ಚೌಕ ಮಾತ್ರ ಚೌಕಗಳಾಗಿ ಉಳಿದಿರಲಿಲ್ಲ. ರಬ್ಬರಿನಿಂದ ಉಜ್ಜಿ, ಆಮೇಲೆ ಎಂಜಲು ಹಚ್ಚಿ ಉಜ್ಜಿ, ಮೊದಲ ಎರಡು ತೂತೇ ಬಿದ್ದಿದ್ದವು. ಮೂರನೆಯದರಲ್ಲಿ ಪೆನ್ನಿನ ನೀಲಿ ಹರಡಿ, ಒಂದು 'ಕ' ಇನ್ನೂ ಮಸುಕಾಗಿ ಕಾಣುತ್ತಿತ್ತು. ಮಗುವಿನ ತೋರುಬೆರಳಿನ ತುದಿ ನೀಲಿಯಾಗಿತ್ತು, ಚರ್ಮ ಕಿತ್ತು ಕೆಂಪಾಗಿತ್ತು.

"ಒಂದು ಚೌಕ ಖಾಲಿ ಇದ್ರೂ ನಾನು ಎಲ್ಲಿಗೂ ಹೋಗಲ್ಲ ಅಂತ ತಾತ ನಂಗೆ ಹೇಳಿದ್ರು," ಎಂದಿತು ಮಗು. "ಅವರು ಮಲಗಿದ ಮೇಲೆ ನಂಗೆ ಗೊತ್ತಾಗ್ಬಿಡ್ತು. ಮಾಲೀಕ. ನಾನು ಬರೆದ್ಬಿಟ್ಟೆ."

ಹೊರಗೆ ಗಾಡಿಯವನು ಒಂದು ಸಲ ಹಾರನ್ ಒತ್ತಿದ. ಮಗು ಬೆರಳು ನಾಲಗೆಗೆ ಮುಟ್ಟಿಸಿ, ಮೂರನೆಯ ಚೌಕದ ಮೇಲೆ ಮತ್ತೆ ಉಜ್ಜತೊಡಗಿತು.

"ಇನ್ನು ಇದೊಂದೇ ಇರೋದು. ಅಮ್ಮಾ, ಇದನ್ನೂ ಅಳಿಸಿದ್ರೆ ತಾತ ಏಳ್ತಾರಾ?"