ಒಂದೇ ಪತ್ರಿಕೆಯ ಅರ್ಥಶಾಸ್ತ್ರ

ನಾನೊಂದು ಕ್ಯಾಲ್ಕುಲೇಟರ್. ಹುಟ್ಟಿದ್ದು ಯಾವುದೋ ಕಾರ್ಖಾನೆಯಲ್ಲಿ. ಬುದ್ಧಿ ಬಂದದ್ದು ಮಾತ್ರ ಬ್ಯಾಡಗಿಯಲ್ಲಿ, ಮೆಣಸಿನಕಾಯಿ ದಲಾಲಿ ಅಂಗಡಿಯೊಂದರ ಮೇಜಿನ ಮೇಲೆ. ಅಂಗಡಿಗೆ ಬಂದವರೆಲ್ಲ ಘಾಟಿಗೆ ಸೀನುತ್ತಿದ್ದರು, ನಾನು ತಪ್ಪದೆ ಲೆಕ್ಕ ಹೇಳುತ್ತಿದ್ದೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಂಬ ಇತ್ತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ.

ಅಂಗಡಿಗೆ ಕಂಪ್ಯೂಟರ್ ಬಂದ ಮೇಲೆ ಸಾಹುಕಾರರು ನನ್ನನ್ನು ಲೆಕ್ಕ ಬರೆಯುವ ಶಿವಲೀಲಾಗೆ ಕೊಟ್ಟರು. ಅವಳು ನನ್ನನ್ನು ಮನೆಗೆ ಒಯ್ದಳು. ತಂದೆ ಇಲ್ಲದ ಮನೆ. ತಾಯಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ಬಂದು ಉರಿಯುವ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ತಂಗಿ ಮಧುಮತಿಗೆ ಪ್ರಶ್ನೆಗಳ ಹುಚ್ಚು.

"ಬೆಳಿ ಚಲೋ ಬಂದ ವರ್ಷನ ದರ ಯಾಕ ಬೀಳ್ತೈತಕ್ಕಾ?"

ಅಕ್ಕನಿಗೆ ಉತ್ತರ ಗೊತ್ತಿರಲಿಲ್ಲ. ಪಿಯುಸಿಗೆ ಸೇರಿದ ಮಧುಮತಿ ಅದನ್ನು ಅರ್ಥಶಾಸ್ತ್ರದ ಪುಸ್ತಕದಲ್ಲಿ ಕಂಡುಕೊಂಡಳು. ಓದಿದರೆ ಇದನ್ನೇ ಓದುವುದೆಂದು ಅಂದೇ ಹಟ ಹಿಡಿದಳು.

ಆದರೆ ಅಷ್ಟರಲ್ಲಿ ಒಂದು ಕೆಲಸ ಆಗಿಹೋಗಿತ್ತು. ಪಿಯುಸಿ ಕಾಮರ್ಸ್‌ನಲ್ಲಿ ಇತಿಹಾಸ ಇಲ್ಲವೇ ಗಣಿತ, ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಶಿವಲೀಲಾ ಗಣಿತದಲ್ಲಿ ಬಹಳ ಅತ್ತವಳು. "ಇತಿಹಾಸ ತಗೋ, ಅಂಕ ತಾವ ಬರ್ತಾವ. ಅಂಕ ಇದ್ರ ಯಾವ ಕಾಲೇಜಾದ್ರೂ ಕರೀತಾರ" ಎಂದು ತಂಗಿಯ ಅರ್ಜಿಯನ್ನು ತಾನೇ ತುಂಬಿದ್ದಳು. ಊರಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು.

ಎರಡು ವರ್ಷ ಕಳೆದು ಪಿಯುಸಿಯ ಅಂಕ ಬಂದವು. ಒಂದು ಭಾನುವಾರ ಮಧ್ಯಾಹ್ನ ಅಕ್ಕತಂಗಿ ಊಟ ಮುಗಿಸಿ ಫೋನು ಮತ್ತು ನನ್ನನ್ನು ಮುಂದಿಟ್ಟುಕೊಂಡು ಕುಳಿತರು. ಶಿವಲೀಲಾ ಒಂದೊಂದೇ ವಿಶ್ವವಿದ್ಯಾಲಯದ ನಿಯಮ ಓದುವಳು, ಮಧುಮತಿ ನನ್ನ ಗುಂಡಿ ಒತ್ತುವಳು. ಬಿ.ಕಾಂ.ಗೆ ಇಷ್ಟು, ಬಿ.ಬಿ.ಎ.ಗೆ ಇಷ್ಟು, ಅರ್ಥಶಾಸ್ತ್ರ ಆನರ್ಸ್‌ಗೆ ಇಷ್ಟು. ಎಲ್ಲದಕ್ಕಿಂತ ಅವಳ ಶೇಕಡಾ ಹೆಚ್ಚು. ನಾನು ಬೀಗುತ್ತ ತೋರಿಸಿದೆ.

ಆಗ ಶಿವಲೀಲಾ ಒಂದು ನಿಯಮದ ಬಳಿ ಓದುವುದನ್ನು ನಿಲ್ಲಿಸಿದಳು. ಬಿಸಿನೆಸ್ ಪದವಿಗೆ ಏನು ಓದಿದ್ದರೂ ನಡೆಯುತ್ತಿತ್ತು. ಅರ್ಥಶಾಸ್ತ್ರ ಆನರ್ಸ್‌ಗೆ ಪಿಯುಸಿಯಲ್ಲಿ ಗಣಿತ ಕಡ್ಡಾಯ. ಇನ್ನೊಂದು ಕಡೆ ನೋಡಿದರು, ಅಲ್ಲೂ ಅದೇ. ಮತ್ತೊಂದು ಕಡೆಯೂ ಅದೇ. ಗಣಿತ ಕೇಳದ ಬಿ.ಎ. ಹತ್ತಿರದಲ್ಲಿತ್ತು, ಆದರೆ ಅಲ್ಲಿ ಅರ್ಥಶಾಸ್ತ್ರ ಹೇಳಿಕೊಡುವವರೇ ಇಲ್ಲವೆಂದು ಓದುತ್ತಿದ್ದ ಹುಡುಗಿಯರೇ ಹೇಳಿದ್ದರು.

"ನಾನ ನಿನ್ನ ದಾರಿಗೆ ಕಲ್ಲ ಹಾಕಿದೆ" ಎಂದಳು ಶಿವಲೀಲಾ. "ಒಂದ ವರ್ಷ ಮನ್ಯಾಗ ಕುಂತು ಗಣಿತದ ಪರೀಕ್ಷೆ ಕಟ್ಟು. ನಾ ಅದೀನಲ್ಲ."

ಮಧುಮತಿ ಒಳಗೆ ಮಲಗಿದ್ದ ತಾಯಿಯ ಕಡೆ ನೋಡಿದಳು. "ಅವ್ವನ ಕೈ ಇನ್ನೊಂದ ವರ್ಷ ಉರೀಬೇಕೇನಕ್ಕಾ? ಬಿಸಿನೆಸ್ಸೂ ಚಲೋನ ಐತಿ. ನನಗೂ ಸೇರ್ತೈತಿ."

ಅದು ಸುಳ್ಳೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅತ್ತರು. ನನಗೂ ದುಃಖವಾಯಿತು. ಅಂಕ ಕಡಿಮೆ ಬಿದ್ದು ಅಳುವವರನ್ನು ನೋಡಿದ್ದೆ. ಸಾಲುವುದಕ್ಕಿಂತ ಹೆಚ್ಚಿದ್ದೂ ಅಳುವವರನ್ನು ನೋಡಿದ್ದು ಅಂದೇ ಮೊದಲು.

ಮಧುಮತಿ ಹುಬ್ಬಳ್ಳಿಯಲ್ಲಿ ಬಿ.ಬಿ.ಎ. ಸೇರಿದಳು. ಅವಳ ಜೊತೆ ನಾನೂ ಹಾಸ್ಟೆಲಿಗೆ ಹೋದೆ. ಅವಳ ಓದು ಮುಗಿಯುವ ಹೊತ್ತಿಗೆ ನನ್ನ ಪರದೆಯಲ್ಲಿ ಅರ್ಧ ಅಂಕಿಗಳು ಮೂಡುತ್ತಿರಲಿಲ್ಲ. ಈಗ ಬ್ಯಾಡಗಿಯ ಮನೆಯ ಗೋಡೆಗೂಡಿನಲ್ಲಿ ಸುಮ್ಮನೆ ಬಿದ್ದಿದ್ದೇನೆ. ಲೆಕ್ಕಗಳೆಲ್ಲ ಮರೆತುಹೋಗಿವೆ, ಹಾಸ್ಟೆಲಿನ ಒಂದು ಸಂಜೆ ಮಾತ್ರ ಮರೆಯುತ್ತಿಲ್ಲ.

ಮೊದಲ ಸೆಮಿಸ್ಟರಿನ ಫಲಿತಾಂಶ ಬಂದಿತ್ತು. ಮಧುಮತಿ ಅಕ್ಕನಿಗೆ ಫೋನು ಮಾಡಿ, ಅರ್ಥಶಾಸ್ತ್ರದ ಪತ್ರಿಕೆಯಲ್ಲಿ ಕ್ಲಾಸಿಗೇ ತಾನು ಮೊದಲೆಂದು ಹೇಳಿದಳು.

"ಭಾಳ ಚಲೋ ಆತವ್ವ. ಮುಂದಿನ ಸಲಾನೂ ಅದರಾಗ ಹಿಂಗ ತಗೀ."

"ಮುಂದಿನ ಸಲ ಅದಿಲ್ಲಕ್ಕಾ. ನಮ್ಮ ಕೋರ್ಸಿನ್ಯಾಗ ಎಕನಾಮಿಕ್ಸ್ ಇದ್ದದ್ದ ಒಂದ ಪೇಪರು. ಮುಗೀತು."

ಮಧುಮತಿ ಫೋನನ್ನು ಕಿವಿಗೆ ಹಿಡಿದುಕೊಂಡೇ ನಿಂತಿದ್ದಳು, ಅಕ್ಕ ಅತ್ತು ಮುಗಿಸಲಿ ಎಂದು.