ಗುಡ್ಡ ಹತ್ತಿದ ಕೇಬಲ್

ದೊಡ್ಡ ಅಲೆ ಬಂದು ಸಮುದ್ರದಡಿಯ ಫೋನಿನ ಕೇಬಲ್ ಕಿತ್ತುಹೋದಾಗ ಟೊಂಗಾ ದೇಶದ ಬಾಯಿಯೇ ಕಟ್ಟಿಹೋಗಿತ್ತು. ಹೊರನಾಡಿನಲ್ಲಿದ್ದವರಿಗೆ ತಮ್ಮವರು ಬದುಕಿದ್ದಾರೋ ಇಲ್ಲವೋ ತಿಳಿಯದೆ ವಾರಗಟ್ಟಲೆ ನಿದ್ದೆಯಿಲ್ಲ. ಆಮೇಲೆ ಸರ್ಕಾರಕ್ಕೆ ಎಚ್ಚರವಾಯಿತು. ಯಾವುದು ಹಾಳಾದರೆ ದೇಶ ನಿಂತುಹೋಗುತ್ತದೋ ಅದನ್ನೆಲ್ಲ ದ್ವೀಪ ದ್ವೀಪ ತಿರುಗಿ ನಕ್ಷೆಯಲ್ಲಿ ಗುರುತಿಸುವ ಕೆಲಸ ರಾಜಧಾನಿಯ ಸರ್ಕಾರಿ ಕಚೇರಿಯಲ್ಲಿದ್ದ ಪಿಸೀಲಾಳ ಪಾಲಿಗೆ ಬಂತು.

ತಿರುಗುತ್ತ ತಿರುಗುತ್ತ ಅವಳು ತನ್ನ ತವರೂರು ಹೌಮಾಟೆಲೆಗೇ ಬಂದಳು. ಕೇಬಲ್ ದಡ ಸೇರುವ ಕಟ್ಟಡ, ಡೀಸೆಲ್ ಟ್ಯಾಂಕು, ಕುಡಿಯುವ ನೀರಿನ ಪಂಪು, ಮೂರೂ ಒಂದೇ ತಗ್ಗಿನಲ್ಲಿದ್ದವು. ಕೆಂಪು ಪೆನ್ಸಿಲಿನಿಂದ ಸುತ್ತು ಹಾಕಿದರೆ ಮೂರು ಸುತ್ತೂ ಒಂದರ ಮೇಲೊಂದು ಬಿದ್ದವು.

"ಮೊದಲು ಕೇಬಲ್ ಕಟ್ಟಡ ಮೇಲಕ್ಕೆ ಹೋಗ್ಬೇಕು" ಎಂದಳು.

ರಾಜಧಾನಿಯಿಂದ ಜೊತೆಗೆ ಬಂದಿದ್ದ ಮೇಲಧಿಕಾರಿ ಉಹಿಲಾ ನಕ್ಷೆಯ ಮೇಲೆ ಬೆರಳಾಡಿಸಿದ. "ಈ ಗುಡ್ಡದ ಮೇಲಿರೋ ಸಮತಟ್ಟು ಜಾಗ ಹೇಳಿ ಮಾಡಿಸಿದ ಹಾಗಿದೆಯಲ್ಲಮ್ಮ. ಯಾರ ತೋಟ?"

"ನಮ್ಮಣ್ಣ ವಿಲಿಸೋನಿದು."

ಉಹಿಲಾ ಹೊಟ್ಟೆ ಕುಲುಕಿಸಿ ನಕ್ಕ. "ಹಾಗಾದ್ರೆ ಕೆಲಸ ಆಯ್ತು ಬಿಡು! ನಮ್ಮ ದೇಶದಲ್ಲಿ ತಂಗಿ ಬಾಯಿಬಿಟ್ಟು ಕೇಳಿದ್ರೆ ಯಾವ ಅಣ್ಣ ಇಲ್ಲ ಅಂತಾನೆ? ಇಲ್ಲ ಅಂದ್ರೆ ನಾಳೆ ಚರ್ಚಿನಲ್ಲಿ ಹೇಗೆ ಮುಖ ತೋರಿಸ್ತಾನೆ?"

"ಅದಕ್ಕೇ ನಾನು ತಂಗಿಯಾಗಿ ಕೇಳಲ್ಲ."

"ಮತ್ತೆ?"

"ಆಫೀಸಿನವಳಾಗಿ ಕೇಳ್ತೀನಿ. ಇಲ್ಲ ಅನ್ನೋ ದಾರಿ ಅವನಿಗೆ ಇರ್ಲಿ."

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಅವಳು ಚರ್ಚಿಗೆಂದು ಮರ್ಯಾದೆಗೆ ಸೊಂಟಕ್ಕೆ ಸುತ್ತಿದ ಚಾಪೆಯಲ್ಲೇ ಅಣ್ಣನ ಮನೆಗೆ ಹೋದಳು. ಅತ್ತಿಗೆ ಮಲಾಯಾ ನೆಲದ ಒಲೆಯ ಮಣ್ಣು ಸರಿಸಿ, ತೆಂಗಿನ ಹಾಲಿನಲ್ಲಿ ಬೆಂದ ಕೆಸುವಿನ ಎಲೆಯ ಪೊಟ್ಟಣಗಳನ್ನು ಎತ್ತುತ್ತಿದ್ದಳು. ವಿಲಿಸೋನಿ ಜಗಲಿಯ ಆ ತುದಿಯಲ್ಲಿ ಮಗ್ಗುಲಾಗಿ ಕೂತ. ಪಿಸೀಲಾ ಈ ತುದಿಯಲ್ಲಿ. ಚಿಕ್ಕಂದಿನಿಂದಲೂ ಅಣ್ಣ ತಂಗಿ ಒಂದೇ ಕೋಣೆಯಲ್ಲಿ ಕೂತು ಹರಟಿದವರಲ್ಲ. ಅವರ ಗೌರವ ಇರುವುದೇ ಆ ದೂರದಲ್ಲಿ.

ಅವಳು ವಿಷಯ ಹೇಳಿದಳು. ಅವನು ಮುಖ ತಿರುಗಿಸದೆಯೇ ಕೇಳಿದ.

"ತಂಗಿ ಕೇಳ್ತಿದ್ದಾಳೋ, ಸರ್ಕಾರ ಕೇಳ್ತಿದೆಯೋ?"

"ಸರ್ಕಾರ ಅಣ್ಣ."

"ಸರ್ಕಾರಕ್ಕೆ ಕೊಡಲ್ಲ. ಅಪ್ಪ ಕಾಡು ಕಡಿದು ಮಾಡಿದ ತೋಟ ಅದು. ಈ ಸಲದ ಹೆಗ್ಗೆಣಸು ನೆಲದಲ್ಲಿದೆ. ಯಾರೋ ಕಾಗದದ ಮೇಲೆ ಗೆರೆ ಎಳೆದ್ರು ಅಂತ ನಾನು ಅಗೆದು ಹಾಕ್ಲಾ?"

"ಸರಿ ಅಣ್ಣ" ಎಂದು ಎದ್ದಳು.

ಮಲಾಯಾ ಊಟದ ಬುಟ್ಟಿ ಹಿಡಿದು ಹಿಂದೆಯೇ ಓಡಿಬಂದಳು. "ಏನೇ ಪಿಸೀಲಾ, ಇಷ್ಟಕ್ಕೇ ಹೊರಟ್ಯಾ? ಒಂದು ಮಾತು ಜೋರಾಗಿ ಹೇಳಿದ್ರೆ ಆಗ್ತಿತ್ತು. ನಿನ್ನ ನಾಲಿಗೆ ರಾಜಧಾನಿಯಲ್ಲೇ ಬಿಟ್ಟು ಬಂದ್ಯಾ?"

"ನಾಲಿಗೆ ಇದೆ ಅತ್ತಿಗೆ. ಕಾಲೂ ಇದೆ. ಬೇರೆ ಜಾಗ ಹುಡುಕ್ತೀನಿ."

ಮಾತಿಗೆ ಹೇಳಿದ್ದಲ್ಲ. ಮರುದಿನದಿಂದಲೇ ಅಳತೆಯ ಕೋಲು ಹೆಗಲಿಗೇರಿಸಿಕೊಂಡು ಊರಿನ ಆಚೆ ಬದಿಯ ಕಡಿದಾದ ಗುಡ್ಡ ಹತ್ತಿದಳು. ಮುಳ್ಳುಪೊದೆ ಕಡಿದು ದಾರಿ ಮಾಡಿದಳು, ಜಾರಿಬಿದ್ದು ಮಂಡಿ ತರಚಿಕೊಂಡಳು, ಮತ್ತೆ ಹತ್ತಿದಳು. ಉಹಿಲಾ ಕೆಳಗೆ ನೆರಳಿನಲ್ಲಿ ನಿಂತು, "ಅಮ್ಮಾ ತಾಯೀ, ಅಲ್ಲಿಗೆ ಆಡುಗಳೂ ಹೋಗಲ್ಲ!" ಎಂದು ಕೂಗುತ್ತಿದ್ದ. ಕೊನೆಗೆ ಗೊತ್ತಾದದ್ದು ಇಷ್ಟೇ: ಅಲ್ಲಿನ ಮಣ್ಣು ಸಡಿಲ. ಒಂದು ಜೋರು ಮಳೆಗೆ ಕಟ್ಟಡದ ಸಮೇತ ಕೆಳಗಿಳಿಯುತ್ತದೆ.

ಆ ಸಂಜೆ ಅವಳು ಕೆಸರು ಮೆತ್ತಿದ ಬಟ್ಟೆಯಲ್ಲೇ ಇಳಿದು ಬರುವಾಗ ದಾರಿಯಲ್ಲಿ ವಿಲಿಸೋನಿ ನಿಂತಿದ್ದ. ಎಷ್ಟು ದಿನದಿಂದ ನೋಡುತ್ತಿದ್ದನೋ.

"ಯಾಕೆ ಇಷ್ಟು ಕಷ್ಟ? ತಂಗಿಯಾಗಿ ಒಂದು ಮಾತು ಅಂದಿದ್ರೆ ಕೊಟ್ಟುಬಿಡ್ತಿದ್ದೆ."

"ಗೊತ್ತು. ಆದ್ರೆ ನಾನು ರಾಜಧಾನಿಗೆ ಹೋದ ಮೇಲೆ ಆ ಕಟ್ಟಡ ಕಾಯೋನು ನೀನು. ಬಿರುಗಾಳಿ ಎದ್ದಾಗ ಚರಂಡಿ ಬಿಡಿಸೋನು, ಮುರಿದ ಕೊಂಬೆ ಎಳೆಯೋನು ನೀನು. ಹಲ್ಲು ಕಚ್ಚಿಕೊಂಡು ಕೊಟ್ಟಿದ್ದನ್ನ ಯಾರು ಕಾಯ್ತಾರೆ ಹೇಳು?"

ವಿಲಿಸೋನಿ ಸಮುದ್ರದ ಕಡೆ ತಿರುಗಿದ. ತಂಗಿಯ ಮುಂದೆ ಎಂದೂ ಆಡದ ಮಾತು ಆಗ ಹೊರಬಂತು.

"ಅಲೆ ಬಂದಾಗ ನಾನು ನ್ಯೂಜಿಲೆಂಡಿನಲ್ಲಿ ಸೇಬು ಕೀಳೋಕೆ ಹೋಗಿದ್ದೆ. ಫೋನು ಸತ್ತಿತ್ತು. ಮಲಾಯಾ, ಮಕ್ಕಳು, ನೀನು, ಯಾರೂ ಇಲ್ಲ ಅಂದ್ಕೊಂಡೆ. ಮರದ ಮೇಲೆ ಹತ್ತಿ ಹಣ್ಣು ಕೀಳ್ತಾ ಅಳ್ತಿದ್ದೆ. ಕೆಳಗಿರೋರಿಗೆ ಕಾಣಲ್ವಲ್ಲ." ತೋಟದ ಗುಡ್ಡದ ಕಡೆ ಕೈ ತೋರಿಸಿದ. "ಕೊಡ್ತೀನಿ. ಆದ್ರೆ ಗೆಣಸು ಕೀಳೋವರೆಗೆ ಒಂದು ಗುದ್ದಲಿಯೂ ಬೀಳಬಾರ್ದು. ಅಪ್ಪ ನೆಟ್ಟ ದೀವಿಹಲಸಿನ ಮರ ಉಳೀಬೇಕು."

"ಎರಡೂ ಆಗುತ್ತೆ" ಎಂದಳು ಪಿಸೀಲಾ. ಅಣ್ಣನ ಮುಂದೆ ಅಳುವಂತಿಲ್ಲ, ಬೇಗ ಬೇಗ ಹೆಜ್ಜೆ ಹಾಕಿದಳು.

ಆಗುತ್ತೆ ಅಂದದ್ದೇನೋ ಸುಲಭ. ಮರಕ್ಕಾಗಿ ಕೇಬಲ್ ಹೂಳುವ ಕಾಲುವೆ ಬಗ್ಗಿಸಿದರೆ ಖರ್ಚು ಏರುತ್ತದೆಂದು ಉಹಿಲಾ ತಕರಾರು ತೆಗೆದ. ಗೆಣಸಿಗಾಗಿ ಯಂತ್ರಗಳು ಕಾಯಬೇಕೇ ಎಂದು ಗುತ್ತಿಗೆದಾರ ಸಿಡುಕಿದ. ಪಿಸೀಲಾ ಪಟ್ಟು ಬಿಡಲಿಲ್ಲ. "ಕೊಟ್ಟ ಮಾತು ಸರ್" ಎನ್ನುವುದೊಂದೇ ಅವಳ ವಾದ. ಕೊನೆಗೆ ಉಹಿಲಾನೇ ಸೋತು, "ನಿನ್ನ ಹತ್ರ ವಾದ ಮಾಡೋದಕ್ಕಿಂತ ಸಮುದ್ರದ ಹತ್ರ ಮಾಡೋದು ವಾಸಿ" ಎಂದು ಸಹಿ ಹಾಕಿದ. ಗೆಣಸು ಕಿತ್ತಾಯಿತು. ಕೇಬಲ್ ಮರವನ್ನು ಬಳಸಿಕೊಂಡು ಗುಡ್ಡ ಹತ್ತಿತು.

ಕಟ್ಟಡ ಎದ್ದ ಮುಂದಿನ ಬಿರುಗಾಳಿ ಕಾಲದಲ್ಲೇ ಸಮುದ್ರ ಊರಿನೊಳಗೆ ನುಗ್ಗಿತು. ತಗ್ಗಿನ ಹಳೆಯ ಕಟ್ಟಡದ ಗೋಡೆ ಕುಸಿಯಿತು, ಪಂಪು ಮರಳಿನಲ್ಲಿ ಹೂತುಹೋಯಿತು. ರಾಜಧಾನಿಯ ಕಚೇರಿಯಲ್ಲಿ ಪಿಸೀಲಾ ಕೂರಲಾರದೆ ನಿಲ್ಲಲಾರದೆ ಒದ್ದಾಡುತ್ತಿದ್ದಳು. ಅಷ್ಟರಲ್ಲಿ ಫೋನು ಬಂತು. ಹಿಂದೆ ಗಾಳಿಯ ಅಬ್ಬರ.

"ನಾನು ವಿಲಿಸೋನಿ. ಗುಡ್ಡದ ಮೇಲಿದ್ದೀನಿ, ಊರಿನವರೆಲ್ಲ ಇಲ್ಲೇ ಇದ್ದಾರೆ. ನಮ್ಮ ಅಡುಗೆಮನೆ ಹಾರಿಹೋಯ್ತು. ಚರಂಡಿ ಕಟ್ಟಿಕೊಂಡಿತ್ತು, ಬಿಡಿಸಿದ್ವಿ. ಕೇಬಲ್ ಕಟ್ಟಡದೊಳಗೆ ಒಂದು ಹನಿ ನೀರೂ ನುಗ್ಗಿಲ್ಲ."

"ಮಕ್ಕಳು?"

"ಮಲಗಿದ್ದಾರೆ. ಕುಡಿಯೋ ನೀರಿಲ್ಲ, ದೋಣಿ ಕಳಿಸೋಕೆ ಹೇಳು. ಹಿಂದೆ ಬೇರೆಯವರೂ ಕಾಯ್ತಿದ್ದಾರೆ, ಆಕ್ಲೆಂಡಿನಲ್ಲಿರೋ ತಮ್ಮವರಿಗೆ ಫೋನ್ ಮಾಡ್ಬೇಕಂತೆ. ಇಡ್ತೀನಿ."

ಪಿಸೀಲಾ ನೀರಿನ ದೋಣಿಗೆ ಬಂದರಿನವರನ್ನು ಎಬ್ಬಿಸಿದಳು. ಆಮೇಲೆ ಹೌಮಾಟೆಲೆಯ ನಕ್ಷೆ ತೆಗೆದು, ಪಂಪನ್ನು ಎಲ್ಲಿಗೆ ಏರಿಸುವುದೆಂದು ನೋಡತೊಡಗಿದಳು.